ಎರಡನೇ ಮಹಡಿ, ಪಾರ್ಕಿಂಗ್

ಬ್ಯಾಲರಾಟ್ ಆಸ್ಪತ್ರೆಯ ಪಾರ್ಕಿಂಗ್, ಎರಡನೇ ಮಹಡಿ.
ತುರ್ತು ಚಿಕಿತ್ಸೆಯ ಬಾಗಿಲಿಗೆ ಇಲ್ಲಿಂದ
ತೊಂಬತ್ತೆರಡು ಹೆಜ್ಜೆ.
ನಿನ್ನೆಯೇ ಬಂದು ಎಣಿಸಿಕೊಂಡು ಹೋಗಿದ್ದೆ.
ಕೂಸನ್ನೆತ್ತಿಕೊಂಡು ಓಡಿದರೆ ಎಪ್ಪತ್ತಾಗಬಹುದು.

ಜುಲೈ. ಗಾಳಿ ಹಲ್ಲು ಕಡಿಯುತ್ತಿದೆ.
ಹಿಂದಿನ ಸೀಟಿನಲ್ಲಿ ಮಾರ್ನಿ,
ಆರು ತಿಂಗಳ ಮೇಲೆ ನಾಲ್ಕು ದಿನ.
ಕಾಲ್ಚೀಲ ಒಂದು ಎಲ್ಲೋ ಕಳಚಿ
ಬರಿಗಾಲಿನ ಹೆಬ್ಬೆರಳು ಕಂಡು ತಾನೇ ಬೆರಗಾಗಿದ್ದಾಳೆ.
ನನ್ನ ತೊಡೆಯ ಮೇಲೆ ಬಟ್ಟಲು:
ಬೇಯಿಸಿ ಮಸೆದ ಮರಸೇಬು,
ಅದರಲ್ಲಿ ಬಿಸಿನೀರಲ್ಲಿ ಕದಡಿದ ಕಡಲೆಕಾಯಿ ಬೆಣ್ಣೆ
ಕಾಲು ಚಮಚ. ನುಣ್ಣಗೆ, ಒಂದು ತರಿಯೂ ಇಲ್ಲದಂತೆ.

"ಮನೆಯಲ್ಲೇ ಕೊಡಿ, ಅಷ್ಟು ದೂರ ಯಾಕೆ" ಅಂದಿದ್ದಳು
ಶಿಶು ಕೇಂದ್ರದ ನರ್ಸ್ ಬ್ರಾನ್ವೆನ್.
"ಬೆಳಿಗ್ಗೆ ಕೊಡಿ, ಮೈ ಹುಷಾರಿರುವ ದಿನ ಕೊಡಿ,
ಒಗ್ಗಿದರೆ ವಾರಕ್ಕೆರಡು ಸಲ, ಬಿಡದೆ.
ತಡ ಮಾಡುವುದೇ ಅಪಾಯ, ಈಗ."
ಈಗ.
ಎರಡಕ್ಷರ. ಗಂಟಲಲ್ಲೇ ಉಳಿಯಿತು.

ಹದಿನೇಳು ವರ್ಷದ ಹಿಂದೆ ಅದೇ ಕೇಂದ್ರ, ಅದೇ ಹಸಿರು ಕುರ್ಚಿ,
ಬೇರೊಬ್ಬ ನರ್ಸ್, ಬೇರೊಂದು ಕರಪತ್ರ:
ಮೂರು ತುಂಬುವವರೆಗೆ ಮುಟ್ಟಿಸಬೇಡಿ.
ಮುಟ್ಟಿಸಲಿಲ್ಲ.
ಬಾಟಲಿಯನ್ನು ಅಡುಗೆಮನೆಯಿಂದ ಆಚೆ ಹಾಕಿದೆ,
ನಮ್ಮಮ್ಮ ಟೋಸ್ಟಿಗೆ ಹಚ್ಚಿಕೊಂಡಳೆಂದು ವಾರಗಟ್ಟಲೆ ಮಾತು ಬಿಟ್ಟೆ,
ಕರಪತ್ರವನ್ನು ಫ್ರಿಜ್ಜಿಗೆ ಅಂಟಿಸಿ ದೇವರ ಪಟದಂತೆ ನಂಬಿದೆ.
ಮೂರು ವರ್ಷ, ಒಂದು ತಿಂಗಳು. ಆಂಗಸ್
ಪಕ್ಕದ ಮನೆಯ ಹುಟ್ಟುಹಬ್ಬದಲ್ಲಿ ಅರ್ಧ ಬಿಸ್ಕತ್ತು ತಿಂದ.
ತುಟಿ ಊದಿತು, ರೆಪ್ಪೆ ಊದಿ ಕಣ್ಣು ಕಾಣೆಯಾಯಿತು,
ಎದೆಯೊಳಗೆ ಯಾರೋ ಸೀಟಿ ಹೊಡೆದಂತೆ ಉಸಿರು.
ಅಂದಿನಿಂದ ನಮ್ಮಲ್ಲಿ
ಪೊಟ್ಟಣದ ಬೆನ್ನು ಓದದೆ ಯಾರೂ ಉಣ್ಣುವುದಿಲ್ಲ.

ತಪ್ಪು ಯಾರದೆಂದು ನಾನು ಕೇಳುವುದಿಲ್ಲ.
ಗೊತ್ತಿದ್ದಷ್ಟು ಹೇಳಿದರು, ಹೇಳಿದಷ್ಟು ಮಾಡಿದೆ.
ಬೇಗ ಕೊಟ್ಟಿದ್ದರೂ ಹೀಗೇ ಆಗುತ್ತಿತ್ತೇನೋ.
ರಾತ್ರಿ ಮೂರಕ್ಕೆ ಹಾಲೂಡಿಸುವಾಗ ಮಾತ್ರ
ಆ 'ಏನೋ' ಎದ್ದು ಕೂರುತ್ತದೆ.

ಆಂಗಸ್ ಕಾರಿನ ಹೊರಗಿದ್ದಾನೆ.
ಒಳಗೆ ಬರುವಂತಿಲ್ಲ, ಡಬ್ಬಿಯ ಮುಚ್ಚಳ ತೆಗೆದಿದೆ.
ಆರಡಿ ಎತ್ತರ, ಅಪ್ಪನ ಕೋಟು,
ಜೇಬಿನಲ್ಲಿ ಹದಿನಾಲ್ಕು ವರ್ಷದಿಂದ ಜೊತೆಬಿಡದ ಸೂಜಿಮದ್ದು.
ಬರಬೇಡ ಅಂದಿದ್ದೆ.
"ಒಳಗೆ ಹೇಗಾಗುತ್ತೆ ಅಂತ ನನಗೊಬ್ಬನಿಗೇ ಅಲ್ವಾ ಗೊತ್ತಿರೋದು" ಅಂದ.
ಫೋನಿನಲ್ಲಿ ಗಡಿಯಾರ ಒತ್ತಿ ಗಾಜಿಗೆ ಮೂಗು ತಾಗಿಸಿ ನಿಂತ.

ಮೊದಲು ಚಮಚದ ತುದಿ, ಕೆಳತುಟಿಯ ಒಳಗೆ.
ಮಾರ್ನಿ ಮುಖ ಹಿಂಡಿದಳು.
ನಾನು ಬಾಗಿಲ ಹಿಡಿಗೆ ಕೈ ಹಾಕಿದೆ.
ಮುಖ ಬಿಚ್ಚಿದಳು. ನಾಲಗೆ ಹೊರಬಂದು ಹುಡುಕಿತು.
ಆಂಗಸ್ ಐದು ಬೆರಳು ತೋರಿಸಿದ: ಐದು ನಿಮಿಷ.
ಹತ್ತು.
ಕೆಳಗೆ ಆಂಬುಲೆನ್ಸೊಂದು ಬಂತು, ಬೇರೆ ಯಾರನ್ನೋ ಹೊತ್ತು.
ಕತ್ತು ನೋಡಿದೆ, ಕಿವಿಯ ಹಿಂದೆ ನೋಡಿದೆ,
ಅಂಗಿ ಎತ್ತಿ ಹೊಟ್ಟೆ ನೋಡಿದೆ,
ಕೆಂಪಗೆ ಒಂದು ಗೆರೆ!
ಡಯಾಪರಿನ ಅಂಚು ಒತ್ತಿದ್ದು.

ಆಮೇಲೆ ಉಳಿದದ್ದು. ಅರ್ಧ ನುಂಗಿ ಅರ್ಧವನ್ನು
ಬುರ್ರನೆ ಕಿಟಕಿಗೆ ಸಿಡಿಸಿದಳು.
ಗಾಜಿನಾಚೆಗಿದ್ದವನು ಥಟ್ಟನೆ ಹಿಂದಕ್ಕೆ ಹಾರಿದ.
ನಕ್ಕ. ಆದರೆ ಮತ್ತೆ ಅಷ್ಟು ಹತ್ತಿರ ಬರಲಿಲ್ಲ.

ಎರಡು ಗಂಟೆ ಕಾದೆವು.
ಏನೂ ಆಗಲಿಲ್ಲ.
ಏನೂ ಆಗದ್ದನ್ನು ಹೇಗೆ ಹೇಳಲಿ?
ಅವಳು ನಿದ್ದೆಹೋದಳು, ಗಲ್ಲದ ಮೇಲೆ ಒಂದು ಕಂದು ಚುಕ್ಕೆ.

ಹದಿನಾಲ್ಕು ವರ್ಷ ಹೊಸ್ತಿಲಾಚೆ ನಿಲ್ಲಿಸಿದ್ದನ್ನು
ಇನ್ನು ವಾರಕ್ಕೆರಡು ಸಲ ಒಳಗೆ ಕರೆಯಬೇಕು,
ಅವಳಿಗಾಗಿ. ಅವನೂ ಇರುವ ಮನೆಗೆ.

"ನಾನು ಬಸ್ಸಿಗೆ ಬರ್ತೀನಿ" ಎಂದು ಸನ್ನೆ ಮಾಡಿದ,
"ಕಾರು ಚೆನ್ನಾಗಿ ಒರೆಸು."
ಎರಡು ಹೆಜ್ಜೆ ಹೋದವನು ತಿರುಗಿ ಬಂದು
ಗಾಜಿನ ಮೇಲೆ ಉಸಿರೂದಿ ಬೆರಳಲ್ಲಿ ಬರೆದ:
ಗುರುವಾರ.
ನನಗೆ ಅದು ಒಳಗಿನಿಂದ ತಿರುಗುಮುರುಗು ಕಂಡಿತು.
ಓದಲು ಸ್ವಲ್ಪ ಹೊತ್ತು ಬೇಕಾಯಿತು.